ಆದಿಮಾನವನ ಸಣ್ಣ ಬೇಟೆಯೂ ನಮ್ಮ ದಯೆಯೂ

ನಾನು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಒಂದು ದಿನ ತರಗತಿಯಲ್ಲಿ ಶಿಲಾಯುಗದ ಪಾಠವನ್ನು ಹೇಳುತ್ತಿದ್ದೆನು. ಆದಿಮಾನವನು ಬೇಟೆಯಾಡಿ ಹೊಟ್ಟೆ ಹೊರೆಯುತ್ತಿದ್ದನೆಂದು ಪುಸ್ತಕದಲ್ಲಿದ್ದುದನ್ನೇ ಹೇಳಿ, ಕಪ್ಪುಹಲಗೆಯ ಮೇಲೆ ಈಟಿ ಹಿಡಿದ ಮನುಷ್ಯನನ್ನೂ ಅವನೆದುರಿಗೆ ಕೋಡುಗಳುಳ್ಳ ಒಂದು ದೊಡ್ಡ ಮೃಗವನ್ನೂ ಬರೆದಿದ್ದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಅಷ್ಟು ದೊಡ್ಡದು ದಿನಾ ಸಿಕ್ಕುತ್ತಿತ್ತೇ? ಸಿಕ್ಕದ ದಿನ ಏನು ತಿನ್ನುತ್ತಿದ್ದರು?” ಎಂದು ಕೇಳಿದನು. ಮೊಲವನ್ನೋ ಆಮೆಯನ್ನೋ ಹಿಡಿದು ತಿನ್ನುತ್ತಿದ್ದಿರಬೇಕು ಎಂದೆನು. ಕೂಡಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು, “ಪಾಪ, ಮೊಲವನ್ನೇ? ಅದು ತಪ್ಪಲ್ಲವೇ ಸಾರ್?” ಎಂದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಉತ್ತರ ಹೇಳುವ ಕಷ್ಟ ನನಗೆ ತಪ್ಪಿತು. ಆ ಮಕ್ಕಳಿಗೆ ಈಗ ಮಕ್ಕಳಿರಬಹುದು. ನಿವೃತ್ತನಾಗಿ ಕೋಣನಕುಂಟೆಯ ಮನೆಯಲ್ಲಿ ಕುಳಿತಿರುವ ಈ ದಿನಗಳಲ್ಲಿ ಆ ಎರಡು ಪ್ರಶ್ನೆಗಳು ಆಗಾಗ ನೆನಪಿಗೆ ಬರುತ್ತವೆ. ಮೊದಲನೆಯದು ವಸ್ತುಸ್ಥಿತಿಯನ್ನು ಕುರಿತದ್ದು; ಎರಡನೆಯದು ಧರ್ಮವನ್ನು ಕುರಿತದ್ದು. ಅವೆರಡನ್ನೂ ಯಥಾಮತಿಯಾಗಿ ವಿಚಾರಿಸಿ ನೋಡುವುದೇ ಈ ಲೇಖನದ ಉದ್ದೇಶವು. ವಾಚಕರು ಸಾವಧಾನಚಿತ್ತರಾಗಿ ಪರಾಂಬರಿಸಬೇಕಾಗಿ ಪ್ರಾರ್ಥನೆ.

ಮೊದಲು ವಸ್ತುಸ್ಥಿತಿಯ ವಿಚಾರ. ನಮ್ಮ ಬೆಂಗಳೂರಿನ ನೆಲವು ಕೆಂಪೇಗೌಡರಿಗಿಂತ ಸಾವಿರಾರು ವರ್ಷಗಳ ಮೊದಲೇ ಮನುಷ್ಯನ ಹೆಜ್ಜೆಯನ್ನು ಕಂಡಿತ್ತು. ನಗರದ ವಾಯವ್ಯಕ್ಕಿರುವ ಜಾಲಹಳ್ಳಿಯಲ್ಲಿ ಬೆಣಚುಕಲ್ಲಿನಿಂದ ಮಾಡಿದ ಅತಿ ಸಣ್ಣ ಆಯುಧಗಳು ದೊರೆತುವು. ಟಾಡ್ ಎಂಬ ಆಂಗ್ಲ ಸಂಶೋಧಕರು ೧೯೪೦ರ ದಶಕದಲ್ಲಿ ಅವುಗಳ ಮೇಲೆ ವಿದ್ವಾಂಸರ ದೃಷ್ಟಿ ಬೀಳುವಂತೆ ಮಾಡಿದರು. ಅನಂತರ ಮೈಸೂರಿನ ಎಂ. ಶೇಷಾದ್ರಿಯವರು ೧೯೫೬ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮೈಸೂರು ಸೀಮೆಯ ಶಿಲಾಯುಗದ ಸಂಸ್ಕೃತಿಗಳನ್ನು ಕ್ರಮವಾಗಿ ವಿವರಿಸಿದರು. ಈ ಆಯುಧಗಳಲ್ಲಿ ಅನೇಕವು ಕಿರುಬೆರಳಿನ ಉಗುರಿಗಿಂತ ದೊಡ್ಡವಲ್ಲ. ಕೈಯಲ್ಲಿ ಹಿಡಿದು ಉಪಯೋಗಿಸುವಷ್ಟು ಗಾತ್ರವೂ ಅವಕ್ಕಿಲ್ಲ. ಇಂಥ ಚೂರುಗಳನ್ನು ಮರದ ಕಡ್ಡಿಗೋ ಮೂಳೆಗೋ ಅಂಟಿನಿಂದ ಕೂಡಿಸಿ ಬಾಣವನ್ನಾಗಿಯೋ ಕತ್ತಿಯನ್ನಾಗಿಯೋ ಮಾಡುತ್ತಿದ್ದರೆಂದು ಪಂಡಿತರು ಹೇಳುತ್ತಾರೆ. ನಾನು ಹಲಗೆಯ ಮೇಲೆ ಬರೆದ ಭಾರಿ ಈಟಿಗೂ ಈ ಚೂರಿಗೂ ಬಹಳ ಅಂತರವುಂಟು.

ಆದರೆ ಆ ಬಾಣವು ಯಾವ ಪ್ರಾಣಿಗೆ ತಗುಲಿತೆಂಬುದನ್ನು ನಮ್ಮ ಮಣ್ಣು ಹೇಳದು. ಕಣಶಿಲೆ ಸವೆದು ಆದ ಈ ಕೆಮ್ಮಣ್ಣಿನಲ್ಲಿ ಹುಳಿಯಂಶ ಹೆಚ್ಚು. ಅದು ಕಲ್ಲನ್ನು ಉಳಿಸಿ ಮೂಳೆಯನ್ನು ಕರಗಿಸಿಬಿಡುತ್ತದೆ. ಅಡಿಗೆಯ ಆಯುಧವು ಸಿಕ್ಕಿದೆ, ಅಡಿಗೆಯೇನೆಂಬುದು ಸಿಕ್ಕಿಲ್ಲ. ಆದಕಾರಣ ಮೂಳೆಗಳು ಉಳಿದಿರುವ ದೇಶಗಳ ಕಡೆಗೆ ನಾವು ತಿರುಗಬೇಕಾಗುತ್ತದೆ.

ಹತ್ತಿರದಲ್ಲಿರುವುದು ಲಂಕೆ. ಅಲ್ಲಿಯ ಫಾ ಹಿಯೆನ್ ಲೇನ ಎಂಬ ಗುಹೆಯಲ್ಲಿ ಸುಮಾರು ೪೫,೦೦೦ ವರ್ಷಗಳ ಹಿಂದೆ ವಾಸಿಸಿದ್ದವರು ಮರದ ಮೇಲಿನ ಕೋತಿ ಮುಸುವಗಳನ್ನೂ ದೊಡ್ಡ ಅಳಿಲುಗಳನ್ನೂ ಮುಖ್ಯವಾಗಿ ಬೇಟೆಯಾಡುತ್ತಿದ್ದರೆಂದು ೨೦೧೯ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಅವರ ಬಳಿಯೂ ಸಣ್ಣ ಕಲ್ಲಿನ ಚೂರುಗಳಿದ್ದುವು, ಮೂಳೆಯ ಮೊನೆಗಳಿದ್ದುವು. ಅವರು ಕೊಂದವುಗಳಲ್ಲಿ ಬಹುಪಾಲು ಬೆಳೆದ ಪ್ರಾಣಿಗಳೆಂಬುದು ಗಮನಾರ್ಹವಾದ ಅಂಶ. ಫ್ರಾನ್ಸಿನ ದಕ್ಷಿಣ ಭಾಗದಲ್ಲಿಯಂತೂ ಮೊಲದ ಜಾತಿಯ ಪ್ರಾಣಿಗಳನ್ನು ಸುಮಾರು ನಾಲ್ಕು ಲಕ್ಷ ವರ್ಷಗಳ ಹಿಂದೆಯೇ ಮಾನವಸದೃಶ ಜೀವಿಗಳು ಕೊಯ್ದು ತಿಂದ ಗುರುತುಗಳು ಮೂಳೆಗಳ ಮೇಲಿವೆ. ದೊಡ್ಡ ಮೃಗವನ್ನು ಬೀಳಿಸಿದ ದಿನವು ಹಬ್ಬದ ದಿನ. ಮಿಕ್ಕ ದಿನಗಳಲ್ಲಿ ಮೊಲ, ಆಮೆ, ಹಕ್ಕಿ, ಮೀನು, ಗೆಡ್ಡೆಗೆಣಸುಗಳೇ ಒಲೆಯ ಹತ್ತಿರ ಬರುತ್ತಿದ್ದಿರಬೇಕು. ಹಿಂದಿನ ಸಾಲಿನ ಆ ಹುಡುಗನ ಸಂದೇಹವು ಸಾಧುವಾದದ್ದೇ ಆಗಿತ್ತು.

ಈ ಸಣ್ಣ ಬೇಟೆಯು ಯಾರ ಕೈಯದು? ಆಸ್ಟ್ರೇಲಿಯದ ಪಶ್ಚಿಮ ಮರುಭೂಮಿಯಲ್ಲಿ ವಾಸಿಸುವ ಮಾರ್ತು ಜನಾಂಗದಲ್ಲಿ ಉಡವನ್ನು ಹುಡುಕಿ ಬಿಲದಿಂದ ತೋಡಿ ಹಿಡಿಯುವ ಕೆಲಸದಲ್ಲಿ ಹೆಂಗಸರೇ ಮುಂದು. ಉರುಲನ್ನೊಡ್ಡುವುದಕ್ಕೆ ಭೀಮಬಲವೇನೂ ಬೇಕಾಗಿಲ್ಲ; ಮೊಲವು ದಿನವೂ ನುಸಿಯುವ ಬೇಲಿಯ ಸಂದು ಯಾವುದೆಂಬ ತಿಳಿವು ಬೇಕು. ಅದು ಮುದುಕರಿಗೂ ಮಕ್ಕಳಿಗೂ ಸಾಧ್ಯವಾದದ್ದು. ಪ್ರಾಯಶಃ ಈ ಕಾರಣದಿಂದಲೇ ಅದಕ್ಕೆ ಕೀರ್ತಿಯೂ ಬರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಿಲಾಶಾಸನವನ್ನು ವಾಚಕರು ನೋಡಿರಬಹುದು. ಗಂಗರ ಬೂತುಗನಿಂದ ಮಣಲೇರನು ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತುವು. ಆ ನಾಯಿಗೆ ಕಲ್ಲು ನಿಂತಿತು, ಭೂಮಿ ಬಿಟ್ಟಿತು. ಮೊಲವನ್ನು ಹಿಡಿದ ನಾಯಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ವಿಜಯನಗರದ ಸ್ಥಾಪನೆಯ ಐತಿಹ್ಯದಲ್ಲಿಯೂ ಕೆಂಪೇಗೌಡರ ಬೆಂಗಳೂರಿನ ಐತಿಹ್ಯದಲ್ಲಿಯೂ ಮೊಲವುಂಟು. ಆದರೆ ಅದು ನಾಯಿಯನ್ನೇ ಅಟ್ಟಿಕೊಂಡು ಹೋದ ಮೊಲ! ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆದಾಗ ಮಾತ್ರ ಈ ಬಡಪ್ರಾಣಿಗೆ ಇತಿಹಾಸದಲ್ಲಿ ಸ್ಥಳ ದೊರೆಯಿತು.

ಹೀಗೆ ಶಿಲ್ಪಿಗಳೂ ಕಥೆಗಾರರೂ ಮರೆತ ಈ ಪ್ರಾಣಿಗಳನ್ನು ನಮ್ಮ ಶಾಸ್ತ್ರಕಾರರು ಮರೆಯಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಪಂಚನಖಗಳ ಪ್ರಸ್ತಾಪವು ಪರಿಚಿತವಾದದ್ದು. ಐದು ಉಗುರುಗಳುಳ್ಳ ಪ್ರಾಣಿಗಳಲ್ಲಿ ಐದು ಮಾತ್ರ ಭಕ್ಷ್ಯವೆಂಬುದು ಒಂದು ಪ್ರಾಚೀನ ನಿಯಮ. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಇದನ್ನು ಉದಾಹರಿಸಿದ್ದಾನೆ. ಆ ಐದು ಯಾವುವು? ಮೊಲ, ಆಮೆ, ಉಡ, ಮತ್ತು ಶಲ್ಯಕ, ಶ್ವಾವಿತ್ ಎಂಬ ಮುಳ್ಳಿನ ಮೈಯ ಎರಡು ಪ್ರಾಣಿಗಳು. ಕೆಲವು ಪಟ್ಟಿಗಳಲ್ಲಿ ಖಡ್ಗಮೃಗವೂ ಸೇರುತ್ತದೆ. ಅದನ್ನು ಬಿಟ್ಟರೆ ಉಳಿದವೆಲ್ಲವೂ ಸಣ್ಣ ಬೇಟೆಯೇ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡುವಾಗ ನನಗೆ ವ್ಯಾಕರಣವೂ ಮೀಮಾಂಸೆಯೂ ಮಾತ್ರ ಕಂಡಿದ್ದುವು. ಆದಿಮಾನವನ ಒಲೆಯ ಬೂದಿಯಲ್ಲಿ ಸಿಕ್ಕುವ ಮೂಳೆಗಳ ಪಟ್ಟಿಗೂ ಇದಕ್ಕೂ ಇರುವ ಹೋಲಿಕೆಯು ಹೊಳೆದದ್ದು ತಲೆ ನರೆತ ಮೇಲೆ.

ಮೀಮಾಂಸಕರು ಇಂಥ ವಾಕ್ಯವನ್ನು ಪರಿಸಂಖ್ಯಾವಿಧಿಯೆನ್ನುತ್ತಾರೆ. ಇದರ ಸ್ವಾರಸ್ಯವನ್ನು ತಿಳಿಯಬೇಕು. ಈ ಐದನ್ನು ತಿನ್ನು ಎಂಬುದು ಇದರ ತಾತ್ಪರ್ಯವಲ್ಲ. ತಿನ್ನಬೇಕೆಂಬ ಆಸೆಗೆ ಶಾಸ್ತ್ರದ ಅಪ್ಪಣೆ ಬೇಕಿಲ್ಲ; ಹಸಿವೆಯೇ ಅದನ್ನು ಹೇಳಿಕೊಡುತ್ತದೆ. ಇವನ್ನುಳಿದು ಮಿಕ್ಕವನ್ನು ಬಿಡು ಎಂಬುದೇ ಅರ್ಥ. ಎಂದರೆ, ಅಪ್ಪಣೆಯ ವೇಷದಲ್ಲಿರುವ ಮೇರೆ ಇದು. ರಾಮಾಯಣದಲ್ಲಿ ಬಾಣದ ಪೆಟ್ಟು ತಿಂದು ಬಿದ್ದ ವಾಲಿಯು ರಾಮನ ಮುಂದೆ ಈ ನಿಯಮವನ್ನೇ ಎತ್ತುತ್ತಾನೆ. ಪಂಚನಖಗಳಲ್ಲಿ ಭಕ್ಷ್ಯವಾದವು ಐದು, ನಾನು ಅವುಗಳಲ್ಲಿ ಸೇರಿದವನಲ್ಲ, ನನ್ನ ಮಾಂಸವಾಗಲಿ ಚರ್ಮವಾಗಲಿ ನಿನಗೆ ಉಪಯೋಗಕ್ಕೆ ಬಾರದು, ಮತ್ತೇಕೆ ಕೊಂದೆ ಎಂಬುದು ಅವನ ಪ್ರಶ್ನೆ. ಪ್ರಯೋಜನವಿಲ್ಲದ ಕೊಲೆಗೆ ಸಮರ್ಥನೆಯೇನೆಂದು ಸಾಯುತ್ತಿರುವ ಪ್ರಾಣಿಯು ಕೇಳುವ ಈ ಸಂದರ್ಭವು ಮನಸ್ಸನ್ನು ಕಲಕತಕ್ಕದ್ದು. ರಾಮನ ಉತ್ತರದಲ್ಲಿ ಬಲೆ, ಪಾಶ, ಕಪಟಯಂತ್ರಗಳಿಂದ ಮನುಷ್ಯರು ಮೃಗಗಳನ್ನು ಹಿಡಿಯುವ ಮಾತು ಬರುತ್ತದೆ. ಆ ವಾದದ ಬಲಾಬಲವನ್ನು ಹಿರಿಯ ವ್ಯಾಖ್ಯಾನಕಾರರು ಚರ್ಚಿಸಿದ್ದಾರೆ. ಇಲ್ಲಿ ಅದು ಅಪ್ರಸ್ತುತ.

ಇನ್ನು ಎರಡನೆಯ ಪ್ರಶ್ನೆ: ಮೊಲವನ್ನು ಕೊಂದು ತಿಂದ ಆದಿಮಾನವನು ತಪ್ಪು ಮಾಡಿದನೇ? ಇಲ್ಲಿ ಎರಡು ಪೂರ್ವಪಕ್ಷಗಳು ಒದಗುತ್ತವೆ. ಅವನು ಕ್ರೂರನು, ಮೃಗಪ್ರಾಯನು, ನಾವು ಅಹಿಂಸೆಯನ್ನರಿತು ಮೇಲೆ ಬಂದವರು ಎಂಬುದೊಂದು. ಅವನು ಪ್ರಕೃತಿಯ ಮಡಿಲಿನ ಮುಗ್ಧ ಶಿಶು, ಬೇಕಾದಷ್ಟನ್ನೇ ತೆಗೆದುಕೊಂಡು ಮಿಕ್ಕುದನ್ನು ಉಳಿಸಿದ ಪುಣ್ಯಾತ್ಮನು, ಕೆಟ್ಟವರು ನಾವೇ ಎಂಬುದು ಇನ್ನೊಂದು.

ಎರಡನೆಯ ಪಕ್ಷವನ್ನು ಮೊದಲು ಪರೀಕ್ಷಿಸೋಣ. ಮೇರಿ ಸ್ಟೈನರ್ ಎಂಬ ವಿದುಷಿಯೂ ಅವರ ಸಹಚರರೂ ಇಸ್ರೇಲು, ಇಟಲಿ ಮುಂತಾದ ದೇಶಗಳ ಗುಹೆಗಳಲ್ಲಿ ದೊರೆತ ಮೂಳೆಗಳನ್ನು ಪರಿಶೀಲಿಸಿ ೧೯೯೯ರಿಂದೀಚೆಗೆ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಹಳೆಯ ಪದರಗಳಲ್ಲಿ ಆಮೆ, ಚಿಪ್ಪುಮೀನು ಮೊದಲಾದ ನಿಧಾನ ಪ್ರಾಣಿಗಳೇ ಹೆಚ್ಚು. ಬಗ್ಗಿ ಎತ್ತಿಕೊಂಡರೆ ಸಾಕು, ಆಹಾರವಾಯಿತು. ಕಾಲಕ್ರಮದಲ್ಲಿ ಆಮೆಗಳ ಗಾತ್ರ ಸಣ್ಣದಾಗುತ್ತ ಬರುತ್ತದೆ. ಅನಂತರದ ಪದರಗಳಲ್ಲಿ ಓಡುವ ಮೊಲವೂ ಹಾರುವ ಕೌಜುಗವೂ ಹೆಚ್ಚುತ್ತವೆ. ಕಾರಣವು ಸ್ಪಷ್ಟ. ಆಮೆಯು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಅನೇಕ ವರ್ಷಗಳು ಬೇಕು. ಜನ ಹೆಚ್ಚಿದಂತೆ ದೊಡ್ಡ ಆಮೆಗಳು ಮುಗಿದುವು. ಬೆಳೆಯುವುದಕ್ಕೆ ಮೊದಲೇ ಚಿಕ್ಕವನ್ನೂ ಎತ್ತಿಕೊಂಡರು. ಮೊಲವಾದರೋ ಬೇಗ ಬೇಗ ಮರಿಹಾಕಿ ನಷ್ಟವನ್ನು ತುಂಬಿಕೊಳ್ಳುತ್ತದೆ; ಆದರೆ ಅದನ್ನು ಹಿಡಿಯಲು ಬಲೆಯೂ ಉರುಲೂ ಬೇಕು. ಸುಲಭವಾದುದು ಮುಗಿದ ಮೇಲೆಯೇ ಮನುಷ್ಯನು ಕಷ್ಟವಾದುದಕ್ಕೆ ಕೈಹಾಕಿದನು. ಆದುದರಿಂದ ಸತ್ಯಯುಗದಲ್ಲಿದ್ದ ಸಂಯಮಿಯೆಂದು ಅವನನ್ನು ಹೊಗಳುವುದು ಸಲ್ಲದು. ಅವನು ನಮ್ಮವನೇ, ನಮ್ಮ ಆಸೆಯೇ ಅವನಲ್ಲಿಯೂ ಇತ್ತು.

ಪ್ರಕೃತಿಯು ತಾನಾಗಿಯೇ ಹಾಕಿದ ಒಂದು ಮೇರೆಯೂ ಉಂಟು. ಮೊಲದ ಮಾಂಸದಲ್ಲಿ ಕೊಬ್ಬು ಅತ್ಯಲ್ಪ. ಉತ್ತರ ಅಮೆರಿಕದ ಶೀತದೇಶಗಳಲ್ಲಿ ಅದನ್ನು ಮಾತ್ರವೇ ತಿಂದು ಬದುಕಲು ಹೊರಟವರು ಹೊಟ್ಟೆ ತುಂಬ ತಿಂದರೂ ಕೃಶರಾಗಿ ಕಾಯಿಲೆ ಬೀಳುತ್ತಿದ್ದರೆಂದು ಅಲ್ಲಿ ಸಂಚರಿಸಿದವರು ಬರೆದಿದ್ದಾರೆ. ಮನುಷ್ಯನ ದೇಹವು ಬರಿಯ ಕೊಬ್ಬಿಲ್ಲದ ಮಾಂಸವನ್ನು ಒಂದು ಮಿತಿಗೆ ಮೀರಿ ಅರಗಿಸಲಾರದು. ಗೆಡ್ಡೆಗೆಣಸೋ ಕಾಳೋ ಕೊಬ್ಬೋ ಜೊತೆಗಿದ್ದರೆ ಮಾತ್ರ ಮೊಲವು ಆಹಾರವಾಗುತ್ತದೆ.

ಮೊದಲನೆಯ ಪಕ್ಷಕ್ಕೆ ಉತ್ತರ ಕೊಡುವ ಮೊದಲು ನನ್ನ ಬಾಲ್ಯದ ಒಂದು ವೃತ್ತಾಂತವನ್ನು ಹೇಳಬೇಕಾಗಿದೆ. ಅದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವುಂಟು.

೧೯೭೦ರ ಆಸುಪಾಸಿನಲ್ಲಿ ಕೋಣನಕುಂಟೆಯು ಬೆಂಗಳೂರಿಗೆ ಸೇರಿರಲಿಲ್ಲ. ಹೆಸರಿನಲ್ಲಿರುವ ಕೋಣವೂ ಕುಂಟೆಯೂ ಆಗ ಬರಿಯ ಹೆಸರಾಗಿರಲಿಲ್ಲ. ಕನಕಪುರದ ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದುವು. ಪಶ್ಚಿಮಕ್ಕೆ ತುರಹಳ್ಳಿಯ ಗುಡ್ಡದ ಕಡೆಗೆ ರಾಗಿ ಅವರೆಗಳ ಹೊಲಗಳೂ ಲಂಟಾನದ ಪೊದೆಗಳೂ ಇದ್ದುವು. ಊರಾಚೆಯ ಗುಡಿಸಲಿನಲ್ಲಿದ್ದ ಒಬ್ಬ ಮುದುಕನು ಕೂಲಿಯಿಲ್ಲದ ದಿನಗಳಲ್ಲಿ ಬದುವಿನ ಸಂದುಗಳಲ್ಲಿ ಮೊಲಕ್ಕೆ ಉರುಲೊಡ್ಡುತ್ತಿದ್ದನು. ಆಗ ನನಗೆ ಹತ್ತು ವರ್ಷ. ಹೊಸದಾಗಿ ಉಪನಯನವಾಗಿತ್ತು, ಪರಮಧರ್ಮವಾವುದೆಂಬುದನ್ನು ಬಾಯಿಪಾಠ ಮಾಡಿದ್ದೆನು. ಒಂದು ಸಂಜೆ ಹೊಲದ ಬದುವಿನಲ್ಲಿ ಉರುಲಿಗೆ ಸಿಕ್ಕಿ ಒದ್ದಾಡುತ್ತಿದ್ದ ಮೊಲವನ್ನು ಕಂಡು, ಹಗ್ಗವನ್ನು ಕಲ್ಲಿನಿಂದ ಜಜ್ಜಿ ಅದನ್ನು ಬಿಡಿಸಿದೆನು. ಅದು ಓಡಿದ ವೇಗವನ್ನು ಕಂಡು ನನಗುಂಟಾದ ಆನಂದವನ್ನು ಇಂದಿಗೂ ಮರೆತಿಲ್ಲ. ಅಷ್ಟಕ್ಕೇ ನಿಲ್ಲದೆ ಆ ಬದುವಿನಲ್ಲಿದ್ದ ಉರುಲುಗಳನ್ನೆಲ್ಲ ಕಿತ್ತು ಕುಂಟೆಗೆ ಎಸೆದೆನು.

ಮರಳಿ ಬರುವಾಗ ಮುದುಕನು ಎದುರಿಗೆ ಸಿಕ್ಕಿದನು. “ಉರ್ಲು ಕಿತ್ತೋರು ನೀವೇನಾ ಸಣ್ಣಯ್ನೋರೆ?” ಎಂದನು. ನಾನು ಸುಮ್ಮನಿದ್ದೆನು. “ಓಗ್ಲಿ ಬುಡಿ, ಮೊಲ ಬದುಕ್ಕೊಂತು. ಸೊಸೆ ಬಾಣಂತಿ, ಅವ್ಳಿಗೆ ಅಂತ ಒಡ್ಡಿದ್ದೆ” ಎಂದು ಹೇಳಿ, ಕೈಯಲ್ಲಿದ್ದ ಬರಿಯ ಚೀಲವನ್ನು ಮಡಿಸಿಕೊಂಡು ಹೊರಟುಹೋದನು. ಅವನ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮನೆಗೆ ಬಂದು ತಂದೆಯವರಿಗೆ ಮೊಲವನ್ನು ಬಿಡಿಸಿದ ಕಥೆಯನ್ನು ಹೆಮ್ಮೆಯಿಂದಲೇ ಹೇಳಿದೆನು. ಅವರು ವೈದಿಕವೃತ್ತಿಯವರು, ಮನೆಯಲ್ಲಿ ಈರುಳ್ಳಿಯನ್ನೂ ಸೇರಿಸದವರು. ಹೊಗಳುತ್ತಾರೆಂದು ಕಾದಿದ್ದೆನು. ಅವರು ಪೂರ್ತಿಯಾಗಿ ಕೇಳಿ, ಬಾಣಂತಿಯ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡು, “ನೀನು ಮೊಲಕ್ಕೆ ಕೊಟ್ಟದ್ದು ನಿನ್ನದಲ್ಲ ಮಗು, ಆ ಮುದುಕನದು” ಎಂದರು. ಅನಂತರ ಒಳಗಿನಿಂದ ಎರಡು ಸೇರು ತೊಗರಿಬೇಳೆಯನ್ನೂ ಒಂದು ಚೊಂಬು ತುಪ್ಪವನ್ನೂ ತರಿಸಿ, ನನ್ನ ತಲೆಯ ಮೇಲೆಯೇ ಹೊರಿಸಿ ಆ ಗುಡಿಸಲಿಗೆ ಕಳುಹಿಸಿದರು. ಆ ಹೊತ್ತಿನಲ್ಲಿ ಆ ಬಾಗಿಲಿನಲ್ಲಿ ನಿಂತದ್ದೇ ನನ್ನ ನಿಜವಾದ ಉಪನಯನವೆಂದು ಈಗ ತೋರುತ್ತದೆ.

ತಂದೆಯವರ ಆ ಒಂದು ಮಾತಿನಲ್ಲಿ ಮೊದಲನೆಯ ಪೂರ್ವಪಕ್ಷಕ್ಕೆ ಉತ್ತರವಿದೆ. ವಿಧಿನಿಷೇಧಗಳಿಗೆ ಅವಕಾಶವಿರುವುದು ವಿಕಲ್ಪವಿರುವ ಕಡೆಯಲ್ಲಿ ಮಾತ್ರ. ಮಾಡಬಹುದು, ಬಿಡಬಹುದು ಎಂಬ ಎರಡು ದಾರಿಗಳಿರುವವನಿಗೆ ಧರ್ಮಶಾಸ್ತ್ರವು ಹೇಳುತ್ತದೆ. ಒಂದೇ ದಾರಿಯಿರುವವನಿಗೆ ಅದು ಏನನ್ನು ಹೇಳೀತು? ಹುಲಿಗೆ ಯಾವ ಋಷಿಯೂ ಅಹಿಂಸೆಯನ್ನು ವಿಧಿಸಲಿಲ್ಲ. ಜಾಲಹಳ್ಳಿಯ ಬೆಣಚುಕಲ್ಲನ್ನು ಚಕ್ಕೆಯೆಬ್ಬಿಸಿದವನಿಗೆ ಕಣಜವಿರಲಿಲ್ಲ, ಹಸುವಿರಲಿಲ್ಲ. ಅವನ ಮಗುವಿನ ಹಸಿವೆಗೂ ಮೊಲದ ಪ್ರಾಣಕ್ಕೂ ನಡುವೆ ಮೂರನೆಯದೊಂದು ಇರಲಿಲ್ಲ. ಅವನನ್ನು ಕ್ರೂರನೆನ್ನುವುದು ಹತ್ತು ವರ್ಷದ ಹುಡುಗನ ನ್ಯಾಯ.

ಆ ಮೂರನೆಯದು ನಮ್ಮ ನಾಡಿಗೆ ಬಂದದ್ದು ಯಾವಾಗ? ಸುಮಾರು ಐದು ಸಾವಿರ ವರ್ಷಗಳ ಈಚೆಗೆ. ಬಳ್ಳಾರಿಯ ಹತ್ತಿರದ ಸಂಗನಕಲ್ಲು, ತುಂಗಭದ್ರಾತೀರದ ಹಳ್ಳೂರು ಮುಂತಾದೆಡೆಗಳಲ್ಲಿ ನೆಲೆನಿಂತ ನವಶಿಲಾಯುಗದ ಜನರು ದನ, ಕುರಿ, ಮೇಕೆಗಳನ್ನು ಸಾಕಿದರು. ಹುರುಳಿ, ಹೆಸರು, ಕೊರಲೆಗಳನ್ನು ಬೆಳೆದರು. ಅವರು ಸುಟ್ಟ ಸಗಣಿಯ ರಾಶಿಗಳೇ ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಬೂದಿದಿಬ್ಬಗಳಾಗಿ ನಿಂತಿವೆ. ಬೇಟೆಯನ್ನು ಅವರೇನೂ ಬಿಡಲಿಲ್ಲ. ಆದರೆ ಮಡಕೆಯಲ್ಲಿ ಹುರುಳಿ ಬೆಂದ ದಿನದಿಂದ ಬೇಟೆಯ ಸ್ವರೂಪವು ಬದಲಾಯಿತು. ಅಂದು ಮೊದಲಾಗಿ ಕೊಲ್ಲುವವನು, ಕೊಲ್ಲದೆಯೂ ಇರಬಹುದಾಗಿದ್ದವನಾದನು. ಮೇರೆಯನ್ನು ಹಾಕುವ ಮಾತು, ಐದೇ ಸಾಕು ಎನ್ನುವ ಮಾತು, ಆಮೇಲೆ ಅದೂ ಬೇಡ ಎನ್ನುವ ಮಾತು, ಇವೆಲ್ಲವೂ ಆ ಮಡಕೆ ತುಂಬಿದ ಬಳಿಕ ಹುಟ್ಟಿದ ಮಾತುಗಳು. ಅಹಿಂಸೆಯು ಉತ್ತಮವಾದ ಧರ್ಮವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅದರ ಬೇರು ಹುರುಳಿಯ ಹೊಲದಲ್ಲಿದೆ ಎಂಬುದನ್ನು ಮರೆಯಬಾರದೆಂದು ಮಾತ್ರ ನನ್ನ ವಿಜ್ಞಾಪನೆ.

ಇದರಿಂದ ಒಂದು ಕರ್ತವ್ಯವು ಫಲಿಸುತ್ತದೆ. ವಿಕಲ್ಪವುಳ್ಳವನು ವಿಕಲ್ಪವಿಲ್ಲದವನಿಂದ ದಯೆಯನ್ನು ಬಯಸುವುದಾದರೆ, ಅದರ ವೆಚ್ಚವನ್ನು ತನ್ನ ಕಣಜದಿಂದ ಕೊಡತಕ್ಕದ್ದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯನ್ನು ನಿಷೇಧಿಸಿತು. ಇಂದು ಮೊಲಕ್ಕಾಗಲಿ ಉಡಕ್ಕಾಗಲಿ ಉರುಲೊಡ್ಡುವುದು ಅಪರಾಧ. ಅದು ಆಗಬೇಕಾಗಿದ್ದ ಕೆಲಸವೇ. ಆಮೆಗಳ ಗತಿಯನ್ನು ಕಂಡವರು ಬೇರೆ ಹೇಳಲಾರರು. ಆದರೆ ಹಕ್ಕಿ ಹಿಡಿಯುವುದನ್ನೇ ಕುಲಕಸುಬಾಗಿ ಉಳ್ಳ ಹಕ್ಕಿಪಿಕ್ಕಿ ಜನರ ತೊಗರಿಬೇಳೆಯನ್ನು ಹೊತ್ತುಕೊಂಡು ಹೋದವರು ಎಷ್ಟು ಮಂದಿ? ನಮಗೆ ಸಮೀಪದ ಬನ್ನೇರುಘಟ್ಟದಲ್ಲಿಯೇ ಅವರ ವಸತಿಯುಂಟು. ಬೇಟೆ ನಿಂತ ಮೇಲೆ ಅವರಲ್ಲಿ ಅನೇಕರು ಎಣ್ಣೆ, ನಾರುಬೇರುಗಳನ್ನು ಮಾರುತ್ತ ದೇಶಾಂತರ ಹೊರಟರು. ೨೦೨೩ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡಿದ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ನಾವು ಹಕ್ಕಿಗೆ ಕೊಟ್ಟ ಅಭಯದ ಬೆಲೆಯನ್ನು ಕೊಟ್ಟವರು ಅವರು.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ನಾನು ಬಿಡಿಸಿದ ಮೊಲವು ಓಡಿದ ಹೊಲ ಈಗಿಲ್ಲ. ಅಲ್ಲಿ ಮನೆಗಳಾಗಿವೆ, ಅವುಗಳಲ್ಲೊಂದು ನನ್ನದು. ೨೦೨೧ರ ಜನವರಿಯಿಂದ ಕೋಣನಕುಂಟೆ ಕ್ರಾಸಿನ ನೆತ್ತಿಯ ಮೇಲೆ ಮೆಟ್ರೋ ರೈಲು ಓಡುತ್ತಿದೆ. ಈ ಬೀದಿಯಲ್ಲಿ ಮೊಲವನ್ನು ಕೊಂದವರು ಯಾರೂ ಇಲ್ಲ, ಮೊಲವೂ ಇಲ್ಲ. ಮುದುಕನು ವರ್ಷಕ್ಕೆ ಹತ್ತೋ ಹನ್ನೆರಡೋ ಹಿಡಿಯುತ್ತಿದ್ದಿರಬಹುದು, ಮರುವರ್ಷ ಮತ್ತೆ ಅಷ್ಟೇ ಇರುತ್ತಿದ್ದುವು. ನಾವು ಒಂದನ್ನೂ ಮುಟ್ಟದೆ ಅದರ ಸಂತತಿಯನ್ನೇ ಇಲ್ಲವಾಗಿಸಿದೆವು. ವಾಲಿಯ ಪ್ರಶ್ನೆಯನ್ನು ಆ ಮೊಲವು ನಮ್ಮನ್ನು ಕೇಳಿದರೆ, ನಿನ್ನನ್ನು ತಿನ್ನಲಿಲ್ಲವಲ್ಲ ಎಂಬುದು ಉತ್ತರವಾಗುವುದೇ? ನಮಗೆ ವಿಕಲ್ಪವಿತ್ತು. ಒಂದು ಕುಂಟೆಯನ್ನೂ ನಾಲ್ಕು ಪೊದೆಗಳನ್ನೂ ಬಿಡಬಹುದಾಗಿತ್ತು. ಆದಿಮಾನವನಿಗಿಲ್ಲದ ಹೊಣೆಯು ನಮಗುಂಟಾಗುವುದು ಇಲ್ಲಿಯೇ.

ಮುಂದಿನ ಸಾಲಿನ ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರವು ಇಷ್ಟು: ಮಗೂ, ಅವನಿಗೆ ಅದು ತಪ್ಪಾಗಿರಲಿಲ್ಲ, ನಿನಗೂ ನನಗೂ ಅದು ತಪ್ಪು. ಆದರೆ ಅವನಿಗಿಂತ ನಾವು ಒಳ್ಳೆಯವರೆಂದು ತಿಳಿಯಬೇಡ, ನಮ್ಮ ಕಣಜ ತುಂಬಿದೆ, ಅಷ್ಟೆ. ಯಾರದಾದರೂ ಉರುಲನ್ನು ಕೀಳುವ ಮನಸ್ಸಾದರೆ ಮೊದಲು ಮನೆಗೆ ಹೋಗಿ ಎರಡು ಸೇರು ಬೇಳೆಯನ್ನು ಅಳೆದುಕೊಂಡು ಬಾ.